ಹಸಿದ ದೇವತೆಗಳು, ಮೂಕ ಪ್ರಜೆಗಳು

ಪುರಾಣ ಕಥೆಗಳು ಒಂದು ಜನಾಂಗದ ನಡುವೆ ಹುಟ್ಟಿದರೂ ಆ ಜನಾಂಗದ ಎಲ್ಲೆಯೊಳಗೇ ಉಳಿಯುವುದಿಲ್ಲ. ಗ್ರೀಸ್ ದೇಶದ ಪುರಾತನ ದೇವಾಲಯಗಳು ಪಾಳುಬಿದ್ದು ಸಾವಿರಾರು ವರ್ಷಗಳಾದವು. ಝ್ಯೂಸ್ ದೇವನ ಬಲಿಪೀಠಗಳ ಬೆಂಕಿ ಎಂದೋ ಆರಿತು. ಆದರೂ ಆ ದೇವತೆಗಳ ಕಥೆಗಳು ಚಿತ್ರಮಂದಿರಗಳಲ್ಲಿ, ಕಿರುತೆರೆಯಲ್ಲಿ, ಈಗ ಅಂಗೈಯಲ್ಲಿರುವ ಮೊಬೈಲಿನಲ್ಲಿ ಮತ್ತೆ ಮತ್ತೆ ಜೀವ ತಳೆಯುತ್ತಿವೆ. ರಜೆಯ ದಿನಗಳಲ್ಲಿ ನಮ್ಮ ಮಕ್ಕಳು ಇಂಥ ಚಿತ್ರಗಳನ್ನು ಎವೆಯಿಕ್ಕದೆ ನೋಡುತ್ತಾರೆ. ಹಿರಿಯರಾದ ನಾವು ‘ಅದೊಂದು ಮಾಯಾಲೋಕದ ಕಥೆ, ನೋಡಿಕೊಳ್ಳಲಿ ಬಿಡಿ’ ಎಂದು ಸುಮ್ಮನಾಗುತ್ತೇವೆ. ಆದರೆ ಮಾಯಾಲೋಕದ ಕಥೆಗೂ ತನ್ನದೇ ಆದ ನೀತಿಯಿರುತ್ತದೆ, ರಾಜಕಾರಣವಿರುತ್ತದೆ. ದೇವರು ಎಂಥವನು, ಅಧಿಕಾರ ಯಾರಿಗೆ ಸೇರಿದ್ದು, ಯಾರ ಪ್ರಾಣಕ್ಕೆ ಬೆಲೆಯುಂಟು, ಯಾರ ಪ್ರಾಣಕ್ಕೆ ಇಲ್ಲ ಎಂಬ ಪ್ರಶ್ನೆಗಳಿಗೆ ಅದು ಸದ್ದಿಲ್ಲದೆ ಉತ್ತರ ಕೊಡುತ್ತಲೇ ಇರುತ್ತದೆ. ಉಪದೇಶವೆಂದು ಹೇಳಿ ಕೊಟ್ಟ ಮಾತನ್ನು ಮಕ್ಕಳು ಪರೀಕ್ಷಿಸಿ ನೋಡುತ್ತಾರೆ. ಕಥೆಯೆಂದು ಕೊಟ್ಟದ್ದನ್ನು ಹಾಗೆಯೇ ನುಂಗಿಬಿಡುತ್ತಾರೆ.

ಈ ದೃಷ್ಟಿಯಿಂದ ಪರಿಶೀಲಿಸತಕ್ಕ ಚಿತ್ರಗಳಲ್ಲಿ ಒಂದು ‘ಕ್ಲ್ಯಾಶ್ ಆಫ್ ದ ಟೈಟನ್ಸ್’. ಈ ಹೆಸರಿನ ಚಿತ್ರಗಳು ಎರಡಿವೆ. ಮೊದಲನೆಯದು ೧೯೮೧ರಲ್ಲಿ ಡೆಸ್ಮಂಡ್ ಡೇವಿಸ್ ಅವರ ನಿರ್ದೇಶನದಲ್ಲಿ ಬಂದಿತು. ಚಿಕ್ಕ ಗೊಂಬೆಗಳನ್ನು ಕೂದಲೆಳೆಯಷ್ಟು ಕದಲಿಸಿ, ಒಂದೊಂದೇ ಚಿತ್ರ ತೆಗೆದು, ಅವು ನಡೆದಾಡುವಂತೆ ತೋರಿಸುವ ಕಲೆಯಲ್ಲಿ ಹೆಸರಾಂತ ರೇ ಹ್ಯಾರಿಹೌಸೆನ್ ಅವರ ಕೊನೆಯ ಪೂರ್ಣ ಚಿತ್ರವದು. ಎರಡನೆಯದು ಫ್ರಾನ್ಸಿನ ಲೂಯಿ ಲೆತೆರಿಯೆ ನಿರ್ದೇಶಿಸಿ ೨೦೧೦ರ ಏಪ್ರಿಲ್ ತಿಂಗಳಲ್ಲಿ ತೆರೆಕಂಡದ್ದು. ಸ್ಯಾಮ್ ವರ್ದಿಂಗ್‌ಟನ್ ನಾಯಕನಾಗಿ, ಲಿಯಮ್ ನೀಸನ್ ಝ್ಯೂಸನಾಗಿ, ರಾಲ್ಫ್ ಫೈನ್ಸ್ ಪಾತಾಳದ ಒಡೆಯ ಹೇಡೀಸನಾಗಿ ನಟಿಸಿದ ಈ ಚಿತ್ರ ಲೋಕದಾದ್ಯಂತ ಸುಮಾರು ೪೯ ಕೋಟಿ ಡಾಲರ್ ಗಳಿಸಿತು. ೨೦೧೨ರಲ್ಲಿ ‘ರ‍್ಯಾತ್ ಆಫ್ ದ ಟೈಟನ್ಸ್’ ಎಂಬ ಮುಂದುವರಿದ ಭಾಗವೂ ಬಂದಿತು. ಇಲ್ಲಿ ಮುಖ್ಯವಾಗಿ ೨೦೧೦ರ ಚಿತ್ರವನ್ನು ವಿಮರ್ಶೆಗೆ ಎತ್ತಿಕೊಂಡಿದ್ದೇವೆ. ಏಕೆಂದರೆ ಈ ಚಿತ್ರ ತನ್ನನ್ನು ಸ್ವಾತಂತ್ರ್ಯದ ಕಥೆಯೆಂದು ಸಾರಿಕೊಳ್ಳುತ್ತದೆ. ಆ ಸ್ವಾತಂತ್ರ್ಯ ಎಂಥದು, ಯಾರಿಗೆ ದೊರೆಯಿತು ಎಂಬುದನ್ನು ನೋಡಬೇಕಾಗಿದೆ.

ಚಿತ್ರದ ಕಥೆ

ಸಮುದ್ರದಲ್ಲಿ ತೇಲಿಬಂದ ಶವಪೆಟ್ಟಿಗೆಯೊಂದನ್ನು ಸ್ಪೈರೋಸ್ ಎಂಬ ಬಡ ಬೆಸ್ತನು ತೆರೆದು ನೋಡುತ್ತಾನೆ. ಒಳಗೆ ಸತ್ತ ತಾಯಿ, ಪಕ್ಕದಲ್ಲಿ ಉಸಿರಾಡುತ್ತಿರುವ ಶಿಶು. ಆ ಶಿಶುವೇ ಪರ್ಸಿಯಸ್. ಬೆಸ್ತನ ಮನೆಯ ಮಗನಾಗಿ ಅವನು ಬೆಳೆಯುತ್ತಾನೆ. ಆರ್ಗೋಸ್ ನಗರದ ಅರಸ ಸೀಫಿಯಸ್ ಮತ್ತು ರಾಣಿ ಕ್ಯಾಸಿಯೋಪಿಯಾ ದೇವತೆಗಳ ವಿರುದ್ಧ ದಂಗೆಯೆದ್ದಿದ್ದಾರೆ. ಅವರ ಸೈನಿಕರು ಕಡಲ ದಂಡೆಯಲ್ಲಿದ್ದ ಝ್ಯೂಸನ ಬೃಹತ್ ಪ್ರತಿಮೆಯನ್ನು ಉರುಳಿಸುತ್ತಾರೆ. ಆಗ ಹೇಡೀಸ್ ಪ್ರತ್ಯಕ್ಷನಾಗಿ ಸೈನಿಕರನ್ನು ಕೊಲ್ಲುತ್ತಾನೆ. ಏನೂ ಅರಿಯದೆ ಅಲ್ಲಿದ್ದ ಬೆಸ್ತನ ದೋಣಿಯನ್ನೂ ಮುಳುಗಿಸುತ್ತಾನೆ. ಸಾಕಿದವರನ್ನೆಲ್ಲ ಕಳೆದುಕೊಂಡ ಪರ್ಸಿಯಸ್ ಒಬ್ಬನೇ ಉಳಿಯುತ್ತಾನೆ.

ಅರಮನೆಯ ಔತಣದಲ್ಲಿ ರಾಣಿಯು ತನ್ನ ಮಗಳು ಆಂಡ್ರೊಮಿಡಾಳ ಚೆಲುವನ್ನು ದೇವತೆಗಳ ಚೆಲುವಿಗೆ ಹೋಲಿಸಿ ಜಂಬ ಕೊಚ್ಚುತ್ತಾಳೆ. ಅಲ್ಲಿಗೂ ಬಂದ ಹೇಡೀಸ್ ಒಂದು ಷರತ್ತು ವಿಧಿಸುತ್ತಾನೆ: ಹತ್ತು ದಿನಗಳ ನಂತರ ಸೂರ್ಯಗ್ರಹಣದ ಹೊತ್ತಿಗೆ ರಾಜಕುಮಾರಿಯನ್ನು ಬಲಿ ಕೊಡಬೇಕು, ಇಲ್ಲವಾದರೆ ಕ್ರಾಕನ್ ಎಂಬ ಕಡಲ ರಾಕ್ಷಸನು ನಗರವನ್ನೇ ನುಂಗುತ್ತಾನೆ. ಪರ್ಸಿಯಸ್ ಝ್ಯೂಸನಿಗೆ ಮಾನವ ಸ್ತ್ರೀಯಲ್ಲಿ ಹುಟ್ಟಿದ ಮಗನೆಂಬ ಗುಟ್ಟು ಆಗಲೇ ಬಯಲಾಗುತ್ತದೆ. ನೋಟಮಾತ್ರದಿಂದ ಕಲ್ಲಾಗಿಸುವ ಮೆಡೂಸಾಳ ತಲೆಯನ್ನು ತಂದರೆ ಕ್ರಾಕನ್‌ನನ್ನು ಕೊಲ್ಲಬಹುದೆಂದು ತಿಳಿದು ಅವನು ಕೆಲವು ಯೋಧರೊಡನೆ ಹೊರಡುತ್ತಾನೆ. ಬಹುತೇಕ ಸಂಗಾತಿಗಳನ್ನು ಕಳೆದುಕೊಂಡು, ತಲೆಯನ್ನು ತಂದು, ರಾಕ್ಷಸನನ್ನು ಕಲ್ಲಾಗಿಸಿ, ರಾಜಕುಮಾರಿಯನ್ನು ಬಿಡಿಸುತ್ತಾನೆ. ಕೊನೆಗೆ ಅರಸುತನವನ್ನೂ ದೈವತ್ವವನ್ನೂ ಬೇಡವೆಂದು ನಿರಾಕರಿಸುತ್ತಾನೆ.

ಪುರಾಣದಲ್ಲಿ ಇದ್ದದ್ದು, ಚಿತ್ರದಲ್ಲಿ ಬಿಟ್ಟದ್ದು

ಹಳೆಯ ಕಥೆಯನ್ನು ಹೊಸದಾಗಿ ಹೇಳುವವನಿಗೆ ಬದಲಾವಣೆ ಮಾಡುವ ಹಕ್ಕಿದೆ. ಗ್ರೀಕ್ ಕವಿಗಳೂ ಅದನ್ನೇ ಮಾಡಿದರು. ಆದರೆ ಏನನ್ನು ಬಿಟ್ಟರು, ಏನನ್ನು ಸೇರಿಸಿದರು ಎಂಬುದರಲ್ಲಿ ಹೇಳುವವರ ಮನಸ್ಸು ಕಾಣಿಸುತ್ತದೆ.

ಮೂಲ ಪುರಾಣದಲ್ಲಿ ಪರ್ಸಿಯಸನ ತಾಯಿ ಡಾನೆಯಿ ಸಾಯುವುದಿಲ್ಲ. ಮೊಮ್ಮಗನಿಂದಲೇ ತನಗೆ ಮರಣವೆಂಬ ಭವಿಷ್ಯವಾಣಿಗೆ ಹೆದರಿದ ಅವಳ ತಂದೆ ಅಕ್ರೀಸಿಯಸ್ ತಾಯಿಮಗುವನ್ನು ಪೆಟ್ಟಿಗೆಯಲ್ಲಿಟ್ಟು ಕಡಲಿಗೆ ತಳ್ಳುತ್ತಾನೆ. ಸೆರಿಫೋಸ್ ದ್ವೀಪದ ಡಿಕ್ಟಿಸ್ ಎಂಬ ಬೆಸ್ತನು ಇಬ್ಬರನ್ನೂ ಕಾಪಾಡುತ್ತಾನೆ. ಆ ದ್ವೀಪದ ಅರಸ ಪಾಲಿಡೆಕ್ಟೀಸ್ ಡಾನೆಯಿಯ ಮೇಲೆ ಕಣ್ಣುಹಾಕಿ, ಅಡ್ಡ ಬರುವ ಮಗನನ್ನು ದೂರವಿಡಲು ಮೆಡೂಸಾಳ ತಲೆ ತರುವಂತೆ ಕಳುಹಿಸುತ್ತಾನೆ. ಅಂದರೆ ಮೂಲದಲ್ಲಿ ಈ ಸಾಹಸಯಾತ್ರೆಯ ಹಿಂದೆ ಇರುವುದು ಬಲಾತ್ಕಾರದ ಅರಸನ ಕೈಯಿಂದ ಉಳಿಯಬೇಕಾದ ತಾಯಿಯೊಬ್ಬಳ ಮಾನ. ಚಿತ್ರದಲ್ಲಿ ತಾಯಿ ಮೊದಲ ದೃಶ್ಯದಲ್ಲಿಯೇ ಹೆಣವಾಗುತ್ತಾಳೆ. ಯಾತ್ರೆಯ ಕಾರಣ ಸಾಕುತಂದೆಯ ಸಾವಿಗೆ ಪ್ರತೀಕಾರ. ಕಾಪಾಡುವ ಕಥೆ ಹೀಗೆ ಸೇಡಿನ ಕಥೆಯಾಗುತ್ತದೆ.

ಇನ್ನೂ ಗಮನಿಸಬೇಕಾದ ಸಂಗತಿಯೊಂದಿದೆ. ಮೂಲದಲ್ಲಿ ಪರ್ಸಿಯಸ್ ಹಿಂದಿರುಗಿ ಬಂದು ದುಷ್ಟ ಅರಸನನ್ನು ಕಲ್ಲಾಗಿಸಿದ ಮೇಲೆ ದ್ವೀಪದ ಸಿಂಹಾಸನವನ್ನು ತಾನು ಏರುವುದಿಲ್ಲ; ಬೆಸ್ತನಾದ ಡಿಕ್ಟಿಸನನ್ನು ಅರಸನನ್ನಾಗಿ ಮಾಡುತ್ತಾನೆ. ದೇವತೆಗಳಿಂದ ಎರವಲು ತಂದ ಹಾರುವ ಪಾದರಕ್ಷೆಗಳನ್ನೂ ಅದೃಶ್ಯನಾಗಿಸುವ ಶಿರಸ್ತ್ರಾಣವನ್ನೂ ಹಿಂದಕ್ಕೆ ಒಪ್ಪಿಸುತ್ತಾನೆ. ಮೆಡೂಸಾಳ ಭಯಂಕರ ತಲೆಯನ್ನು ತನ್ನ ಬಳಿ ಇಟ್ಟುಕೊಳ್ಳದೆ ಅಥೀನಾ ದೇವಿಗೆ ಕೊಡುತ್ತಾನೆ. ಕೆಲಸ ಮುಗಿದ ಮೇಲೆ ಆಯುಧವನ್ನು ಕೆಳಗಿಡಬೇಕು, ಅನ್ನವಿಟ್ಟ ಬಡವನಿಗೆ ಗೌರವ ಸಲ್ಲಬೇಕು ಎಂಬ ಈ ಎರಡು ಮೌಲ್ಯಗಳು ಯಾವ ಕಾಲಕ್ಕೂ ಬೇಕಾದವು. ಚಿತ್ರದಲ್ಲಿ ಬೆಸ್ತನು ಸಮುದ್ರದ ಪಾಲಾಗುತ್ತಾನೆ. ನಾಯಕನ ಕೋಪಕ್ಕೆ ಕಾರಣವಾಗುವುದಷ್ಟೇ ಅವನ ಪಾಲಿನ ಕೆಲಸ.

ಪ್ರಾರ್ಥನೆಯನ್ನು ಉಣ್ಣುವ ದೇವರು

ಚಿತ್ರದ ನಡುವಿನಲ್ಲಿ ಒಂದು ವಿಚಿತ್ರ ಕಲ್ಪನೆಯಿದೆ. ದೇವತೆಗಳು ಮನುಷ್ಯರನ್ನು ಸೃಷ್ಟಿಸಿದ್ದು ಅವರ ಪ್ರಾರ್ಥನೆಗಾಗಿ. ಆ ಪ್ರಾರ್ಥನೆಯಿಂದಲೇ ದೇವತೆಗಳಿಗೆ ಶಕ್ತಿ. ಮನುಷ್ಯರು ಪೂಜೆ ನಿಲ್ಲಿಸಿದರೆ ಝ್ಯೂಸನು ಬಲಹೀನನಾಗುತ್ತಾನೆ. ಅವನ ಸಹೋದರ ಹೇಡೀಸನು ಮಾತ್ರ ಪ್ರೀತಿಯಿಲ್ಲದೆ, ಕೇವಲ ಭಯದಿಂದಲೇ ಬದುಕಲು ಕಲಿತವನು. ೨೦೧೨ರ ಚಿತ್ರದಲ್ಲಿ ಈ ಕಲ್ಪನೆ ತನ್ನ ಕೊನೆಯನ್ನು ಮುಟ್ಟುತ್ತದೆ: ಜನರು ಪ್ರಾರ್ಥಿಸುವುದನ್ನು ಬಿಟ್ಟದ್ದರಿಂದ ದೇವತೆಗಳು ಒಬ್ಬೊಬ್ಬರಾಗಿ ಬಲಗುಂದಿ ಸಾಯುತ್ತಾರೆ.

ಇಂಥ ದೇವರ ವಿರುದ್ಧ ಮನುಷ್ಯನು ದಂಗೆಯೆದ್ದರೆ ತಪ್ಪೇನು? ಈ ಪ್ರಶ್ನೆಯನ್ನು ವಿಶ್ವಾಸಿಗಳಾದ ನಾವು ಹೆದರದೆ ಎದುರಿಸಬೇಕು. ಭಕ್ತರ ಭಯವನ್ನು ಆಹಾರ ಮಾಡಿಕೊಂಡವನು ದೇವರಲ್ಲ. ಅವನನ್ನು ತಿರಸ್ಕರಿಸುವುದು ನಾಸ್ತಿಕತೆಯೂ ಅಲ್ಲ. ಈ ತಿರಸ್ಕಾರ ಹಾಲಿವುಡ್ ಕಂಡುಹಿಡಿದದ್ದೂ ಅಲ್ಲ, ಗ್ರೀಕರಲ್ಲಿಯೇ ಇತ್ತು. ಕ್ರಿಸ್ತಪೂರ್ವ ಆರನೆಯ ಶತಮಾನದ ಚಿಂತಕ ಝೆನೊಫಾನೀಸನು, ಹೋಮರ್ ಮತ್ತು ಹೆಸಿಯೊಡ್ ಕವಿಗಳು ಕಳ್ಳತನ, ವ್ಯಭಿಚಾರ, ವಂಚನೆಗಳನ್ನೆಲ್ಲ ದೇವತೆಗಳ ತಲೆಗೆ ಕಟ್ಟಿದರೆಂದು ಆಕ್ಷೇಪಿಸಿದನು. ಪ್ಲೇಟೊ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ, ಮಕ್ಕಳ ಕಿವಿಗೆ ಬೀಳುವ ದೇವತಾಕಥೆಗಳನ್ನು ಸೋಸಬೇಕು, ದೇವರು ಒಳಿತಿಗೆ ಮಾತ್ರ ಮೂಲನೆಂದು ಹೇಳಬೇಕು ಎಂದು ವಾದಿಸಿದನು. ಈಸ್ಕಿಲಸನ ಹೆಸರಿನಲ್ಲಿ ಬಂದಿರುವ ‘ಬಂಧಿತ ಪ್ರಮೀಥಿಯಸ್’ ನಾಟಕದಲ್ಲಿ ಝ್ಯೂಸನು ಹೊಸದಾಗಿ ಗದ್ದುಗೆಯೇರಿದ ಸರ್ವಾಧಿಕಾರಿಯಂತೆ ಕಾಣುತ್ತಾನೆ. ಗಮನಿಸಿ: ಝೆನೊಫಾನೀಸ್, ಪ್ಲೇಟೊ ಇಬ್ಬರೂ ಕೆಟ್ಟ ದೇವರನ್ನು ಬಿಟ್ಟು ಮನುಷ್ಯನ ಅಹಂಕಾರವನ್ನು ಪೀಠದ ಮೇಲೆ ಕೂರಿಸಲಿಲ್ಲ. ದೇವರೆಂಬುವನು ಇದ್ದರೆ ಒಳ್ಳೆಯವನಾಗಿರಲೇಬೇಕು ಎಂದು ಹುಡುಕುತ್ತ ಮುಂದೆ ನಡೆದರು.

ಸಂತ ಪೌಲರು ಅಥೆನ್ಸಿನ ಅರಿಯೊಪಾಗದಲ್ಲಿ ನಿಂತು ಮಾತನಾಡಿದ್ದು ಈ ಹುಡುಕಾಟದ ಮುಂದೆಯೇ. ಎಲ್ಲರಿಗೂ ಜೀವವನ್ನೂ ಉಸಿರನ್ನೂ ಕೊಡುವ ದೇವರಿಗೆ ಮನುಷ್ಯರ ಕೈಯಿಂದ ಆಗಬೇಕಾದ್ದು ಏನೂ ಇಲ್ಲವೆಂದು ಅವರು ಅಲ್ಲಿ ವಿವರಿಸಿದರೆಂದು ಪ್ರೇಷಿತರ ಕಾರ್ಯಕಲಾಪಗಳು ಗ್ರಂಥದ ಹದಿನೇಳನೆಯ ಅಧ್ಯಾಯ ತಿಳಿಸುತ್ತದೆ. ಐವತ್ತನೆಯ ಕೀರ್ತನೆಯ ಭಾವವೂ ಅದೇ: ದೇವರು ಹಸಿದವನಲ್ಲ. ಹಸಿದ ದೇವರು ಪಡೆಯಲು ಕಾಯುತ್ತಾನೆ, ತುಂಬಿದ ದೇವರು ಕೊಡಲು ಕಾಯುತ್ತಾನೆ. ಈ ಎರಡನೆಯ ಸಾಧ್ಯತೆ ಚಿತ್ರದ ಕಣ್ಣಿಗೆ ಬಿದ್ದೇ ಇಲ್ಲ. ಅಲ್ಲಿರುವುದು ದಬ್ಬಾಳಿಕೆಯ ದೇವರು, ಇಲ್ಲವೇ ಯಾರ ಹಂಗೂ ಇಲ್ಲದ ಮನುಷ್ಯ, ಮೂರನೆಯ ದಾರಿಯಿಲ್ಲ. ನಮ್ಮ ಹರಕೆ, ಕಾಣಿಕೆಗಳಲ್ಲಿಯೂ ದೇವರೊಡನೆ ಲೇವಾದೇವಿ ಮಾಡುವ ಮನಸ್ಸು ಒಮ್ಮೊಮ್ಮೆ ಇಣುಕುತ್ತದೆಯಾದ್ದರಿಂದ ಈ ಚಿತ್ರದ ಝ್ಯೂಸನು ನಮಗೆ ಅಷ್ಟೇನೂ ಅಪರಿಚಿತನಲ್ಲ.

ಪ್ರತಿಮೆ ಉರುಳಿತು, ಪ್ರಜೆಗಳು ಎಲ್ಲಿದ್ದಾರೆ?

ಸೈನಿಕರು ದೇವಪ್ರತಿಮೆಯನ್ನು ಕಡಲಿಗೆ ಉರುಳಿಸುವ ದೃಶ್ಯವನ್ನು ನೋಡುವಾಗ ೨೦೦೩ರ ಏಪ್ರಿಲ್ ೯ರಂದು ಬಾಗ್ದಾದಿನ ಚೌಕದಲ್ಲಿ ಸದ್ದಾಂ ಹುಸೇನರ ಪ್ರತಿಮೆ ಉರುಳಿದ ದೃಶ್ಯ ಅನೇಕರ ನೆನಪಿಗೆ ಬಂದೀತು. ನಿರ್ದೇಶಕರ ಮನಸ್ಸಿನಲ್ಲಿ ಅದೇ ಇತ್ತೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಆದರೆ ಆ ದಶಕದ ಪ್ರೇಕ್ಷಕರು ಪ್ರತಿಮೆ ಬೀಳುವುದನ್ನು ಬಿಡುಗಡೆಯ ಸಂಕೇತವಾಗಿ ನೋಡಿದ್ದರು. ಪ್ರತಿಮೆ ಬಿದ್ದ ಮಾತ್ರಕ್ಕೆ ಜನರಿಗೆ ಬಿಡುಗಡೆ ಸಿಗುವುದಿಲ್ಲವೆಂಬುದನ್ನೂ ಕಂಡಿದ್ದರು. ಚಿತ್ರದಲ್ಲಿಯೂ ಹಾಗೆಯೇ ಆಗುತ್ತದೆ. ಅರಸುಮನೆತನದವರು ಸಾರಿದ ಯುದ್ಧಕ್ಕೆ ಮೊದಲು ಬಲಿಯಾದವರು ಆಜ್ಞೆ ಪಾಲಿಸಿದ ಸೈನಿಕರು, ಹಾದಿಯಲ್ಲಿದ್ದ ಬೆಸ್ತನ ಮನೆಯವರು. ಇಷ್ಟರ ಮಟ್ಟಿಗೆ ಚಿತ್ರ ಸತ್ಯವನ್ನೇ ಹೇಳುತ್ತದೆ.

ಆದರೆ ಆರ್ಗೋಸಿನ ಸಾಮಾನ್ಯ ಜನರನ್ನು ಚಿತ್ರ ಹೇಗೆ ತೋರಿಸುತ್ತದೆಂಬುದನ್ನು ನೋಡಬೇಕು. ಅವರಿಗೆ ಹೆಸರಿಲ್ಲ, ವಿವೇಕವಿಲ್ಲ, ತಮ್ಮೊಳಗೆ ಕುಳಿತು ಮಾತನಾಡುವ ಒಂದು ಸಭೆಯಿಲ್ಲ. ಹುಚ್ಚು ಪ್ರವಾದಿಯೊಬ್ಬನು ಕೂಗಿದರೆ ಅವನ ಹಿಂದೆ ಓಡುತ್ತಾರೆ. ನಿನ್ನೆಯವರೆಗೆ ಕೊಂಡಾಡಿದ ರಾಜಕುಮಾರಿಯನ್ನು ಇಂದು ಕಟ್ಟಿಹಾಕುತ್ತಾರೆ. ಭಯ ಹರಡಿದಾಗ ಜನಸಮೂಹ ಹೀಗೆ ವರ್ತಿಸುವುದುಂಟು, ನಿಜ. ಆದರೆ ಜನರೆಂದರೆ ಯಾವಾಗಲೂ ಇಷ್ಟೇ ಎಂದು ತೋರಿಸುವುದರಲ್ಲಿ ಒಂದು ರಾಜಕೀಯ ಅಡಗಿದೆ. ತಮ್ಮನ್ನು ತಾವು ಆಳಿಕೊಳ್ಳಲಾಗದ ಜನರಿಗೆ ಒಬ್ಬ ವೀರಪುರುಷ ಬೇಕೆಂಬುದೇ ಆ ರಾಜಕೀಯ.

ಆ ವೀರಪುರುಷನಾದರೂ ಯಾರು? ಬೆಸ್ತನ ಮಗನೆಂದು ಹೇಳಿಕೊಳ್ಳುವವನು; ಮನುಷ್ಯನಾಗಿಯೇ ಗೆಲ್ಲುತ್ತೇನೆಂದು ಹಟ ಹಿಡಿದವನು. ಝ್ಯೂಸನು ಅವನಿಗಾಗಿ ಕಾಡಿನಲ್ಲಿ ಖಡ್ಗವನ್ನೂ ರೆಕ್ಕೆಯ ಕುದುರೆಯನ್ನೂ ಬಿಟ್ಟಿರುತ್ತಾನೆ. ಪರ್ಸಿಯಸ್ ಮೊದಲು ಖಡ್ಗವನ್ನು ಮುಟ್ಟಲೊಲ್ಲನು. ಆದರೆ ಗೆಲುವು ಬರುವುದು ಆ ಕುದುರೆಯನ್ನೇರಿದ ಮೇಲೆ, ಝ್ಯೂಸನ ಸಿಡಿಲು ತುಂಬಿದ ಆ ಖಡ್ಗವನ್ನು ಹೇಡೀಸನತ್ತ ಎಸೆದ ಮೇಲೆ. ಅವನ ಹಿಂದೆ ನಡೆದ ಸಾಮಾನ್ಯ ಯೋಧರು, ಯಾವ ದೇವರ ರಕ್ತವೂ ಇಲ್ಲದವರು, ಮೆಡೂಸಾಳ ಗುಹೆಯಲ್ಲಿ ಪ್ರಾಣ ತೆರುತ್ತಾರೆ. ಬಾಯಲ್ಲಿ ಮನುಷ್ಯನ ಹಿರಿಮೆ, ಕಥೆಯ ಕೊನೆಗೆ ಜನ್ಮದ ಹಿರಿಮೆ! ವಂಶದಿಂದಲೇ ಯೋಗ್ಯತೆಯನ್ನು ಅಳೆಯುವ ನಾಡಿನಲ್ಲಿ ಬದುಕುವ ನಮಗೆ ಈ ತಿರುವು ಗುರುತು ಸಿಗದೆ ಇರಲಾರದು.

ಪರ್ಸಿಯಸನನ್ನು ಅಧಿಕಾರದ ಸೇವೆಗೆ ಬಳಸಿಕೊಂಡದ್ದು ಇದೇ ಮೊದಲಲ್ಲ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಗಣರಾಜ್ಯವಿದ್ದಾಗ, ೧೫೦೪ರಲ್ಲಿ, ಮೈಕೆಲೆಂಜೆಲೊ ಕೆತ್ತಿದ ದಾವೀದನ ಪ್ರತಿಮೆಯನ್ನು ಆಡಳಿತಭವನದ ಬಾಗಿಲ ಬಳಿ ನಿಲ್ಲಿಸಲಾಯಿತು. ಬಲಾಢ್ಯನ ಎದುರು ನಿಂತ ಕುರಿಗಾಹಿ ಹುಡುಗನು ಆ ಪ್ರಜೆಗಳ ಸ್ವಾತಂತ್ರ್ಯದ ಗುರುತಾದನು. ಮುಂದೆ ೧೫೩೦ರಲ್ಲಿ ಗಣರಾಜ್ಯ ಅಳಿಯಿತು. ಮೆದಿಚಿ ಮನೆತನದವರು ಮತ್ತೆ ಅಧಿಕಾರಕ್ಕೆ ಬಂದರು. ಡ್ಯೂಕ್ ಮೊದಲನೆಯ ಕೊಸಿಮೊ ಅದೇ ಚೌಕದಲ್ಲಿ ನಿಲ್ಲಿಸಲು ಶಿಲ್ಪಿ ಚೆಲ್ಲಿನಿಯಿಂದ ಪರ್ಸಿಯಸನ ಕಂಚಿನ ಪ್ರತಿಮೆಯನ್ನು ಮಾಡಿಸಿದನು. ೧೫೫೪ರಲ್ಲಿ ಅನಾವರಣಗೊಂಡ ಆ ಪ್ರತಿಮೆಯಲ್ಲಿ ವೀರನು ಮೆಡೂಸಾಳ ಮುಂಡವನ್ನು ತುಳಿದು, ರಕ್ತ ಸುರಿಯುವ ತಲೆಯನ್ನು ಎತ್ತಿ ಹಿಡಿದಿದ್ದಾನೆ. ದಂಗೆಯೇಳುವವರಿಗೆ ಇದೇ ಗತಿಯೆಂಬ ಎಚ್ಚರಿಕೆಯನ್ನು ವಿದ್ವಾಂಸರು ಅದರಲ್ಲಿ ಓದಿದ್ದಾರೆ. ಇಂದಿಗೂ ಅದು ಅಲ್ಲಿಯೇ ನಿಂತಿದೆ.

ಒಬ್ಬಳ ಪ್ರಾಣ, ಊರಿನ ಉಳಿವು

ಈ ಕಥೆಯ ಹೃದಯದಲ್ಲಿ ಬಂಡೆಗೆ ಬಿಗಿದ ಒಬ್ಬ ಹುಡುಗಿಯಿದ್ದಾಳೆ. ತಾಯಿಯ ನಾಲಿಗೆಯ ತಪ್ಪಿಗೆ ಮಗಳಿಗೆ ಶಿಕ್ಷೆ. ಒಬ್ಬಳನ್ನು ಕೊಟ್ಟರೆ ಊರೆಲ್ಲ ಉಳಿಯುತ್ತದೆಂಬ ಲೆಕ್ಕಾಚಾರ ಲೋಕದ ಅನೇಕ ಕಥೆಗಳಲ್ಲಿದೆ. ಟ್ರಾಯ್ ಯುದ್ಧಕ್ಕೆ ಹೊರಟ ಹಡಗುಗಳಿಗೆ ಅನುಕೂಲ ಗಾಳಿ ಬೀಸಲೆಂದು ಅಗಮೆಮ್ನಾನ್ ಅರಸನು ಮಗಳು ಇಫಿಜಿನಿಯಾಳನ್ನು ಬಲಿಗೆ ಒಪ್ಪಿಸಿದನು. ಪವಿತ್ರ ಬೈಬಲ್ಲಿನ ನ್ಯಾಯಸ್ಥಾಪಕರ ಗ್ರಂಥದಲ್ಲಿ ಯೆಫ್ತಾಹನ ಮಗಳು ತಂದೆಯ ದುಡುಕಿನ ಹರಕೆಗೆ ಬಲಿಯಾಗುತ್ತಾಳೆ. ನಮ್ಮ ಜನಪದದ ‘ಕೆರೆಗೆ ಹಾರ’ ಹಾಡಿನ ಕಿರಿಸೊಸೆ ಭಾಗೀರಥಿಯು ನೀರಿಲ್ಲದ ಕೆರೆಗೆ ಆಹುತಿಯಾಗುವುದನ್ನು ಕೇಳಿ ಕಣ್ಣೊರೆಸಿಕೊಳ್ಳದ ಕನ್ನಡಿಗರಿಲ್ಲ. ಈ ಎಲ್ಲ ಕಥೆಗಳಲ್ಲಿ ಲೆಕ್ಕ ಹಾಕುವವರು ಬಲಿಷ್ಠರು, ಲೆಕ್ಕಕ್ಕೆ ಸಿಗುವವರು ಹೆಣ್ಣುಮಕ್ಕಳು.

ಸಂತ ಯೊವಾನ್ನರ ಶುಭಸಂದೇಶದ ಹನ್ನೊಂದನೆಯ ಅಧ್ಯಾಯದಲ್ಲಿ ಪ್ರಧಾನಯಾಜಕ ಕಾಯಫನು ಇದೇ ಲೆಕ್ಕವನ್ನು ನಮ್ಮ ಪ್ರಭುವಿನ ಮೇಲೆ ಹಾಕಿದನು: ಜನಾಂಗ ಉಳಿಯಲು ಒಬ್ಬನು ಸಾಯುವುದು ಲೇಸು. ಇಂಥ ಬಲಿಯ ಲೆಕ್ಕಾಚಾರವನ್ನು ಬದುಕಿಡೀ ಅಧ್ಯಯನ ಮಾಡಿದ ಫ್ರೆಂಚ್ ಚಿಂತಕ ರನೆ ಝಿರಾರ್, ಪುರಾಣಗಳು ಬಲಿ ಕೊಟ್ಟವರ ಪಕ್ಷದಿಂದ ಕಥೆ ಹೇಳಿದರೆ ಶುಭಸಂದೇಶಗಳು ಬಲಿಯಾದವನು ನಿರಪರಾಧಿ ಎಂಬುದನ್ನು ಬಯಲಿಗಿಡುತ್ತವೆಂದು ತೋರಿಸಿದರು. ಈ ದೃಷ್ಟಿಯಿಂದ ಚಿತ್ರವನ್ನು ಮೆಚ್ಚಬೇಕಾದ ಅಂಶವೊಂದಿದೆ: ಅದು ಬಲಿಯನ್ನು ಒಪ್ಪುವುದಿಲ್ಲ, ಹುಡುಗಿಯನ್ನು ಬಿಡಿಸುತ್ತದೆ. ಆದರೆ ಅವಳ ಮನಸ್ಸಿನಲ್ಲಿ ಏನಿತ್ತು, ಹತ್ತು ದಿನ ಅವಳು ಹೇಗೆ ಕಳೆದಳು ಎಂದು ಕೇಳುವಷ್ಟು ವ್ಯವಧಾನ ಅದಕ್ಕಿಲ್ಲ. ಚೇಳುಗಳ ಕಾಳಗಕ್ಕೆ ದೊರೆತ ಸಮಯ ಅವಳಿಗೆ ದೊರೆಯುವುದಿಲ್ಲ.

ಮೆಡೂಸಾಳ ಪಾಡು ಇನ್ನೂ ಕಠಿಣ. ರೋಮನ್ ಕವಿ ಓವಿಡ್ ಹೇಳುವಂತೆ ಆಕೆ ಹುಟ್ಟಿನಿಂದ ರಾಕ್ಷಸಿಯಲ್ಲ. ಕಡಲ ದೇವನು ದೇವಿಯ ಗುಡಿಯಲ್ಲಿಯೇ ಅವಳ ಮೇಲೆ ಅತ್ಯಾಚಾರ ಮಾಡಿದನು. ದೇವಿಯು ಅಪರಾಧಿಯನ್ನು ಬಿಟ್ಟು ನೊಂದವಳನ್ನೇ ಶಿಕ್ಷಿಸಿ ಕೂದಲನ್ನು ಹಾವುಗಳಾಗಿಸಿದಳು. ಚಿತ್ರದಲ್ಲಿ ಐಯೊ ಎಂಬ ಪಾತ್ರ ಈ ವೃತ್ತಾಂತವನ್ನು ಹೇಳುತ್ತದೆ. ಅಂದರೆ ಚಿತ್ರಕ್ಕೆ ಸತ್ಯ ಗೊತ್ತಿದೆ. ಗೊತ್ತಿದ್ದೂ ಅದು ಅವಳನ್ನು ಬೇಟೆಯಾಡಿ, ತಲೆಯನ್ನು ಚೀಲದಲ್ಲಿ ಹೊತ್ತು, ಆಯುಧವನ್ನಾಗಿ ಬಳಸುತ್ತದೆ; ದೇವತೆಗಳ ಅನ್ಯಾಯದ ವಿರುದ್ಧ ಹೊರಟವನು ದೇವತೆಗಳ ಅನ್ಯಾಯಕ್ಕೆ ತುತ್ತಾದವಳನ್ನೇ ಕೊಲ್ಲುತ್ತಾನೆ. ಲುಚಿಯಾನೊ ಗರ್ಬಾಟಿ ಎಂಬ ಶಿಲ್ಪಿ ೨೦೦೮ರಲ್ಲಿ ಕಥೆಯನ್ನು ತಿರುಗಿಸಿ, ಪರ್ಸಿಯಸನ ತಲೆಯನ್ನು ಹಿಡಿದು ನಿಂತ ಮೆಡೂಸಾಳ ಪ್ರತಿಮೆಯನ್ನು ಮಾಡಿದರು. ೨೦೨೦ರಲ್ಲಿ ಅದನ್ನು ನ್ಯೂಯಾರ್ಕಿನ ನ್ಯಾಯಾಲಯವೊಂದರ ಎದುರು ನಿಲ್ಲಿಸಿದಾಗ ಬಿಸಿಬಿಸಿ ಚರ್ಚೆ ನಡೆಯಿತು. ತಲೆ ಕಡಿಯುವ ಕೈ ಬದಲಾದ ಮಾತ್ರಕ್ಕೆ ನ್ಯಾಯ ಸಿಗುವುದಿಲ್ಲವೆಂದು ನಾವು ಹೇಳಬಹುದು. ಆದರೆ ಆ ಪ್ರತಿಮೆಯ ಮುಂದೆ ನಿಂತವರು ಕೇಳಿದ ಪ್ರಶ್ನೆ ನ್ಯಾಯವಾದದ್ದು: ಇಷ್ಟು ಶತಮಾನ ಅವಳ ಪರವಾಗಿ ಯಾರು ಮಾತನಾಡಿದರು?

ಪರದೇಶಿಯ ಬಣ್ಣ, ಪರದೇಶಿಯ ಪಾತ್ರ

ಹಳೆಯ ಕಥೆಯಲ್ಲಿ ಆಂಡ್ರೊಮಿಡಾ ಗ್ರೀಕಳಲ್ಲ. ಗ್ರೀಕರು ಕಪ್ಪು ಬಣ್ಣದ ಜನರ ನಾಡೆಂದು ಕರೆಯುತ್ತಿದ್ದ ಇಥಿಯೋಪಿಯದ ಅರಸುಕುವರಿ. ಓವಿಡ್ ಒಂದೆಡೆ ಅವಳನ್ನು ಕಪ್ಪು ಭಾರತೀಯರ ನಾಡಿನವಳೆಂದೇ ಹೇಳಿದ್ದಾನೆ. ಪರ್ಸಿಯಸ್ ಅವಳನ್ನು ಮದುವೆಯಾಗಿ ಮಕ್ಕಳೊಂದಿಗೆ ಬಾಳಿದನು. ಯೂರೋಪಿನ ಚಿತ್ರಕಾರರು ಶತಮಾನಗಳಿಂದ ಅವಳನ್ನು ಬಿಳಿಯ ಹೆಣ್ಣಾಗಿ ಬರೆಯುತ್ತ ಬಂದರು. ೧೯೮೧ರ ಚಿತ್ರ ಅವಳನ್ನು ಯೊಪ್ಪ ಪಟ್ಟಣದವಳೆಂದಿತು. ೨೦೧೦ರ ಚಿತ್ರ ಆರ್ಗೋಸಿನ ಗ್ರೀಕಳನ್ನಾಗಿಯೇ ಮಾಡಿತು. ಎರಡರಲ್ಲಿಯೂ ಪಾತ್ರ ವಹಿಸಿದವರು ಬಿಳಿಯ ನಟಿಯರು. ದೂರದ ಕಪ್ಪು ನಾಡಿನ ಹೆಣ್ಣಿಗಾಗಿ ಗ್ರೀಕ್ ವೀರನೊಬ್ಬನು ಪ್ರಾಣ ಒತ್ತೆಯಿಟ್ಟನೆಂಬ ಸುಂದರ ಅಂಶ ಹೀಗೆ ಅಳಿಸಿಹೋಯಿತು.

ಅದರ ಬದಲು ಪರದೇಶಿಯ ಸ್ಥಾನಕ್ಕೆ ಅರಬ್ ಕಥೆಗಳ ಜಿನ್ ಬಂದಿದ್ದಾನೆ. ಮರುಭೂಮಿಯ ಮಾಂತ್ರಿಕನಾದ ಈತನಿಗೆ ಶೇಖ್ ಸುಲೈಮಾನನೆಂಬ ಹೆಸರು. ನಾಯಕನ ಗಾಯವನ್ನು ವಾಸಿ ಮಾಡುವ ಈ ನಿಷ್ಠಾವಂತ ಸ್ನೇಹಿತನು ಮೆಡೂಸಾಳ ಗುಹೆಯಲ್ಲಿ ತನ್ನ ದೇಹವನ್ನೇ ಸ್ಫೋಟಿಸಿಕೊಂಡು ಸಾಯುತ್ತಾನೆ. ಅವನನ್ನು ಒಳ್ಳೆಯವನನ್ನಾಗಿ ತೋರಿಸಿದ್ದು ಮೆಚ್ಚತಕ್ಕದ್ದೇ. ಆದರೆ ಅರಬ್ ಉಡುಪಿನ ಒಬ್ಬನಿಗೆ ಸ್ಫೋಟಗೊಂಡು ಸಾಯುವ ಸಾವನ್ನೇ ಬರೆಯುವುದು, ಅದೂ ಆ ದಶಕದಲ್ಲಿ, ಮುಗ್ಧ ಆಯ್ಕೆಯೆಂದು ತೋರುವುದಿಲ್ಲ.

ನಾವು ಏನು ಮಾಡಬೇಕು?

ಇಷ್ಟೆಲ್ಲ ಹೇಳಿದ ಮೇಲೆ, ಇಂಥ ಚಿತ್ರಗಳನ್ನು ಮಕ್ಕಳು ನೋಡಕೂಡದೆಂದು ಬಾಗಿಲು ಹಾಕುವುದು ವಿವೇಕವಲ್ಲ. ಚಿತ್ರದಲ್ಲಿ ಒಳ್ಳೆಯದೂ ಇದೆ. ಹೆತ್ತ ದೇವರಿಗಿಂತ ಸಾಕಿದ ಬೆಸ್ತನೇ ನಿಜವಾದ ತಂದೆಯೆಂದು ಪರ್ಸಿಯಸ್ ಕೊನೆಯವರೆಗೂ ತಿಳಿದಿರುತ್ತಾನೆ. ಸಿಂಹಾಸನ ಕೈಗೆ ಬಂದಾಗ ಬೇಡವೆನ್ನುವ ಮನಸ್ಸು ನಮ್ಮ ಸಾರ್ವಜನಿಕ ಜೀವನದಲ್ಲಿ ಅಪರೂಪ. ಮಕ್ಕಳ ಪಕ್ಕದಲ್ಲಿ ಕುಳಿತು ಚಿತ್ರ ನೋಡಿ, ಮುಗಿದ ಮೇಲೆ ನಾಲ್ಕು ಮಾತನಾಡಿದರೆ ಸಾಕು. ಬೆಸ್ತನನ್ನು ಯಾಕೆ ಯಾರೂ ನೆನೆಯಲಿಲ್ಲ? ಮೆಡೂಸಾ ಮಾಡಿದ ತಪ್ಪೇನು? ಊರಿನ ಜನರೆಲ್ಲ ಸೇರಿ ಬೇರೇನಾದರೂ ಮಾಡಬಹುದಿತ್ತೇ? ಇಷ್ಟು ಕೇಳಿದರೆ ಉಳಿದದ್ದನ್ನು ಮಕ್ಕಳೇ ಹೇಳಿಯಾರು.

ಕೊನೆಯ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ಅದೇ ಕಡಲ ದಂಡೆಯಲ್ಲಿ ಇನ್ನೊಂದು ಕಥೆಯಿದೆ. ಆಂಡ್ರೊಮಿಡಾಳನ್ನು ಬಿಗಿದದ್ದು ಯೊಪ್ಪದ ಬಂಡೆಗೆ ಎಂದು ಪುರಾತನರು ನಂಬಿದ್ದರು. ಅವಳ ಸಂಕೋಲೆಯ ಗುರುತುಗಳನ್ನು ಅಲ್ಲಿ ತೋರಿಸುತ್ತಾರೆಂದು ಮೊದಲನೆಯ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಇಂದಿನ ಇಸ್ರೇಲಿನ ಜಾಫಾ ಬಂದರು ಅದೇ. ಪ್ರವಾದಿ ಯೋನನು ದೇವರ ಮಾತಿಗೆ ಬೆನ್ನು ತಿರುಗಿಸಿ ಹಡಗು ಹತ್ತಿದ್ದು ಆ ಬಂದರಿನಿಂದಲೇ. ಅವನ ಕಥೆಯಲ್ಲಿಯೂ ಕಡಲಿದೆ, ಭಾರಿ ಮೀನಿದೆ, ನಾಶದ ಗಡುವು ಪಡೆದ ಒಂದು ಮಹಾನಗರವಿದೆ. ಆದರೆ ನಿನೆವೆ ಉಳಿದದ್ದು ಯಾವ ವೀರನ ಖಡ್ಗದಿಂದಲೂ ಅಲ್ಲ, ಯಾವ ಹುಡುಗಿಯ ಬಲಿಯಿಂದಲೂ ಅಲ್ಲ. ಅಲ್ಲಿ ಮೊದಲು ಎಚ್ಚೆತ್ತವರು ಸಾಮಾನ್ಯ ಜನರು. ಆಮೇಲೆ ಅರಸನು ಸಿಂಹಾಸನದಿಂದ ಇಳಿದು ಬೂದಿಯಲ್ಲಿ ಕುಳಿತನು. ತಮ್ಮ ಕೈಯಲ್ಲಿರುವ ಹಿಂಸೆಯನ್ನು ಪ್ರತಿಯೊಬ್ಬರೂ ಬಿಡಬೇಕೆಂದು ಆಜ್ಞೆ ಹೊರಟಿತು. ಎಡಗೈ ಬಲಗೈಗಳ ಭೇದವರಿಯದ ೧,೨೦,೦೦೦ಕ್ಕಿಂತ ಹೆಚ್ಚು ಜನರ ಮೇಲೆ, ಅವರ ದನಕರುಗಳ ಮೇಲೂ ದೇವರಿಗೆ ಕನಿಕರ. ಇದರಿಂದ ಮುನಿಸಿಕೊಂಡವನು ಪ್ರವಾದಿಯೊಬ್ಬನೇ.

ಈ ಎರಡು ಕಥೆಗಳಲ್ಲಿ ಯಾವುದನ್ನು ಚಲನಚಿತ್ರ ಮಾಡುವುದು ಸುಲಭವೆಂದು ಯಾರೂ ಹೇಳಬಲ್ಲರು. ನಮ್ಮ ಮಕ್ಕಳು ಎರಡನ್ನೂ ಅರಿತಿರಲಿ.